‘ಆಷಾಢಕ್ಕೆ ಬಂದಳೆಂದು ಹೇಳೋಣ’: ಗಂಡನ ಹಿಂಸೆ ಕುರಿತು ವಕೀಲೆಯೊಡನೆ ಪ್ರಶ್ನೋತ್ತರ

ಸದಸ್ಯೆ, ಹಾಸನ: ನಾವಿರುವ ಮನೆ ಅತ್ತೆಯವರ ಹೆಸರಿನಲ್ಲಿದೆ. ಗಂಡ ಹೊಡೆದಾಗಲೆಲ್ಲ ‘ಇದು ನಿನ್ನ ಮನೆಯಲ್ಲ, ಹೊರಡು’ ಎನ್ನುತ್ತಾರೆ. ಅಲ್ಲಿರಲು ನನಗೆ ಹಕ್ಕಿದೆಯೇ ಮೇಡಂ?

ವಕೀಲೆ: ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೇ ಕಲಮಿನಂತೆ, ನೀವು ಸಂಸಾರ ನಡೆಸಿದ ಮನೆಯಿಂದ ಕಾನೂನು ರೀತಿಯಲ್ಲದೆ ನಿಮ್ಮನ್ನು ಹೊರಹಾಕುವಂತಿಲ್ಲ. ಅತ್ತೆಮಾವಂದಿರ ಹೆಸರಿನ ಮನೆಗೂ ಇದು ಅನ್ವಯಿಸಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಸದಸ್ಯೆ, ದಾವಣಗೆರೆ: ನನ್ನ ತಂಗಿಯ ಗಂಡ ಭಾನುವಾರ ರಾತ್ರಿ ಅವಳ ಕತ್ತು ಹಿಸುಕಿದ್ದಾನೆ. ಸೋಮವಾರ ತವರಿಗೆ ಬಂದಳು. ದನಿ ಒಡೆದಿದೆ, ನುಂಗಲು ನೋವು, ಆದರೆ ಹೊರಗೆ ಗುರುತೇನಿಲ್ಲ. ಮದುವೆಯಾಗಿ ವರ್ಷವಾಗಿಲ್ಲದ ಕಾರಣ, ಆಷಾಢಕ್ಕೆ ಬಂದಳೆಂದು ಊರವರಿಗೆ ಹೇಳಿ ಶ್ರಾವಣದಲ್ಲಿ ಕಳಿಸೋಣ ಎಂದು ದೊಡ್ಡಪ್ಪನವರು ಹೇಳುತ್ತಿದ್ದಾರೆ.

ವಕೀಲೆ: ಕಳಿಸಬೇಡಿ ತಾಯಿ. ಹೆಂಡತಿಯ ಕತ್ತಿಗೆ ಒಮ್ಮೆ ಕೈ ಹಾಕಿದವನು ಮುಂದೆ ಅವಳನ್ನು ಕೊಲ್ಲುವ ಸಂಭವ ಬಹಳ ಹೆಚ್ಚೆಂದು ಇಂಥ ಕೊಲೆಗಳ ಅಧ್ಯಯನಗಳಿಂದ ತಿಳಿದುಬಂದಿದೆ. ಗುರುತಿಲ್ಲದಿದ್ದರೂ ಕತ್ತಿನ ರಕ್ತನಾಳಕ್ಕೆ ಪೆಟ್ಟಾಗಿ, ಕೆಲವು ದಿನಗಳ ನಂತರವೂ ಪಾರ್ಶ್ವವಾಯು ಹೊಡೆಯಬಹುದು. ಆದ್ದರಿಂದ ಈಗಲೇ ಜಿಲ್ಲಾಸ್ಪತ್ರೆಗೆ ಕರೆದೊಯ್ದು, ‘ಗಂಡ ಕತ್ತು ಹಿಸುಕಿದ’ ಎಂಬ ಮಾತನ್ನೇ ವೈದ್ಯರಿಗೆ ಹೇಳಿ, ಪೆಟ್ಟನ್ನು ಕಾನೂನು ಪ್ರಕರಣವಾಗಿ ಆಸ್ಪತ್ರೆಯಲ್ಲಿ ದಾಖಲಿಸುವ ಎಂಎಲ್‌ಸಿ ಮಾಡಿಸಿ. ಮಾನಕ್ಕೆ ಅಂಜಿ ‘ಜಾರಿ ಬಿದ್ದಳು’ ಎಂದು ಬರೆಸಿದರೆ, ನಾಳೆ ಕೋರ್ಟಿನಲ್ಲಿ ಆ ಚೀಟಿಯನ್ನೇ ಅವಳ ವಿರುದ್ಧ ತೋರಿಸುತ್ತಾರೆ.

ಆಮೇಲೆ ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರನ್ನು ಕಾಣಿರಿ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಕೆಲಸವೂ ಅವರದೇ. ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವುದು ಅವರ ಕರ್ತವ್ಯ. ಅವಳು ಈಗ ತವರಿನಲ್ಲಿರುವುದರಿಂದ ಅರ್ಜಿಯನ್ನು ದಾವಣಗೆರೆಯಲ್ಲೇ ಹಾಕಬಹುದು. ಮೊದಲ ವಿಚಾರಣೆ 3 ದಿನಗಳಲ್ಲಿ, ತೀರ್ಮಾನ 60 ದಿನಗಳಲ್ಲಿ ಎಂದು ಕಾಯ್ದೆ ಹೇಳಿದರೂ ನಾನು ನೋಡಿದ ಕೋರ್ಟುಗಳಲ್ಲಿ ಹಾಗೆ ನಡೆಯುವುದು ಅಪರೂಪ. ಅದಕ್ಕೇ, ಗಂಡನಿಗೆ ನೋಟಿಸು ತಲುಪುವ ಮೊದಲೇ ಸಿಗಬಹುದಾದ ತಾತ್ಕಾಲಿಕ ರಕ್ಷಣಾ ಆದೇಶವನ್ನು 23ನೇ ಕಲಮಿನಡಿ ಜೊತೆಯಲ್ಲೇ ಕೇಳಿರಿ. ಆ ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆವಾಸವಿದೆ. ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಮಹಿಳೆಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಹೆಂಡತಿ ಕೈತಪ್ಪುತ್ತಾಳೆಂದು ಗಂಡನಿಗೆ ಅನ್ನಿಸುವ ದಿನಗಳೇ ಹೆಚ್ಚು ಅಪಾಯದವು. ಬಟ್ಟೆ, ಒಡವೆ, ಮಾರ್ಕ್ಸ್‌ಕಾರ್ಡು ತರಲೆಂದು ಅವಳೊಬ್ಬಳನ್ನೇ ಆ ಮನೆಗೆ ಕಳಿಸಬೇಡಿ, ಪೊಲೀಸರೊಂದಿಗೆ ಹೋಗಿರಿ. ಅವನು ನಿಮ್ಮ ಬಾಗಿಲಿಗೆ ಬಂದರೆ 112ಕ್ಕೆ ಕರೆ ಮಾಡಿ.

ಸದಸ್ಯೆ, ತುಮಕೂರು: ಮದುವೆಯಾಗದೆ ಐದು ವರ್ಷದಿಂದ ಒಟ್ಟಿಗಿದ್ದೇವೆ. ಈ ಕಾಯ್ದೆ ನನಗೂ ಅನ್ವಯಿಸುತ್ತದೆಯೇ?

ಸದಸ್ಯ, ಮೈಸೂರು: ಎಲ್ಲಕ್ಕೂ ಕುಡಿತವೇ ಮೂಲ. ಊಟದಲ್ಲಿ ತಿಳಿಯದಂತೆ ಬೆರೆಸಿದರೆ ಕುಡಿತ ಬಿಡಿಸುವ ಪುಡಿಯ ಸಂದೇಶವೊಂದು ಬಂದಿದೆ, ಹಾಕುತ್ತೇನೆ.

ವಕೀಲೆ: ದಯವಿಟ್ಟು ಹಾಕಬೇಡಿ. ಆ ಪುಡಿಯಲ್ಲಿ ಏನಿದೆಯೆಂದು ಮಾರುವವನೂ ಹೇಳುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಮಾತ್ರೆಯನ್ನೂ ತಿಳಿಯದಂತೆ ಕೊಟ್ಟರೆ, ಮೇಲೆ ಮದ್ಯ ಬಿದ್ದಾಗ ಪ್ರಾಣಕ್ಕೆ ಕುತ್ತು. ಗಂಡನಿಗೆ ಗೊತ್ತಾದರೆ ಪೆಟ್ಟು ತಿನ್ನುವವಳು ಅವಳು, ನೀವಲ್ಲ. ಕುಡಿಯದೆ ಹೊಡೆಯುವವರ ಪ್ರಕರಣಗಳೂ ನನ್ನ ಬಳಿ ಬೇಕಾದಷ್ಟಿವೆ.

ಸದಸ್ಯೆ, ಮಂಡ್ಯ: ಮನೆ ಮಾವನವರ ಹೆಸರಿನಲ್ಲಿದ್ದರೆ?

ವಕೀಲೆ: ಮೊದಲ ಉತ್ತರ ಓದಿ.

ಸದಸ್ಯ, ಮೈಸೂರು: ಒಳ್ಳೆಯದಕ್ಕೇ ಹೇಳಿದೆ. ಸುಳ್ಳು ಕೇಸುಗಳಿಂದ ಗಂಡಸರು ಹಾಳಾಗುತ್ತಿರುವುದನ್ನೂ ಯಾರಾದರೂ ಹೇಳಬೇಕಲ್ಲವೇ?

ಸದಸ್ಯೆ, ಧಾರವಾಡ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49ರ ವಯಸ್ಸಿನ ಕರ್ನಾಟಕದ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ಅವರೆಲ್ಲ ಕೇಸು ಹಾಕಿದ್ದಾರೆಯೇ ಸರ್?

ಸದಸ್ಯ, ಮೈಸೂರು: ಸಮೀಕ್ಷೆಯವರ ಮುಂದೆ ಏನು ಬೇಕಾದರೂ ಹೇಳಬಹುದು.

ಸದಸ್ಯೆ, ಧಾರವಾಡ: ಕತ್ತು ಹಿಸುಕಿಸಿಕೊಂಡ ಹುಡುಗಿಯ ಮನೆಯವರು ಓದುತ್ತಿರುವಾಗ ಈ ಮಾತೇ? ನಿಮ್ಮ ಮಗಳಾಗಿದ್ದರೆ ಹೀಗೆ ಬರೆಯುತ್ತಿದ್ದಿರಾ?

ಸದಸ್ಯ, ಮೈಸೂರು: ನನ್ನ ಮನೆಯವರ ಸುದ್ದಿಗೆ ಬರಬೇಡಿ.

ವಕೀಲೆ: ಇಬ್ಬರೂ ನಿಲ್ಲಿಸಿ. ದಾವಣಗೆರೆಯವರು ಆಸ್ಪತ್ರೆಗೆ ಹೋದರೇ?

ಸದಸ್ಯೆ, ದಾವಣಗೆರೆ: ಇನ್ನೂ ಇಲ್ಲ ಮೇಡಂ. ಪೊಲೀಸು, ಆಸ್ಪತ್ರೆ ಎಂದರೆ ಕೊನೆಯ ತಂಗಿಗೆ ಸಂಬಂಧ ಕೂಡಿಬರುವುದಿಲ್ಲ ಎಂದು ದೊಡ್ಡಪ್ಪನವರು ತಡೆದಿದ್ದಾರೆ. ಭಾನುವಾರ ಹಿರಿಯರು ಸೇರುತ್ತಾರೆ, ಅಲ್ಲಿಯವರೆಗೆ ಕಾಯಲೇ?

ವಕೀಲೆ: ಕಾಯಬೇಡಿ. ಈ ಫೋನನ್ನು ದೊಡ್ಡಪ್ಪನವರ ಕೈಗೆ ಕೊಟ್ಟು ಮೇಲಿನ ಉತ್ತರವನ್ನು ಓದಲು ಹೇಳಿ. ಅವರು ಓದುತ್ತಿರಲಿ, ನೀವು ತಂಗಿಯನ್ನು ಆಟೋ ಹತ್ತಿಸಿ.