ಪುಟ್ಟನ ಕಡ್ಲೆಬೀಜದ ವಿಷ್ಯ ಮುಚ್ಚಿಡ್ಬೇಡಿ ಅತ್ತಿಗೆ

ಅತ್ತಿಗೆ, ನಮಸ್ಕಾರ. ಟೈಪ್ ಮಾಡೋಕೆ ಕಣ್ಣು ಕಾಣಲ್ಲ, ಮಾತಲ್ಲೇ ಹೇಳಿಬಿಡ್ತೀನಿ. ಉದ್ದ ಆಗುತ್ತೆ. ಕೊಟ್ಟಿಗೆ ಕೆಲಸ ಮುಗಿಸ್ಕೊಂಡು ಕೂತು ಪೂರ್ತಿ ಕೇಳಿ, ಪುಟ್ಟಂಗೂ ಕೇಳಿಸಿ.

ಬೆಳಗ್ಗೆ ನೀವು ಗ್ರೂಪಲ್ಲಿ ಕೇಳಿದ್ದು ನೋಡ್ದೆ. ಪುಟ್ಟ ಸೇನೆಗೆ ಸೇರೋ ಅಗ್ನಿವೀರ್ ಆನ್‌ಲೈನ್ ಪರೀಕ್ಷೆ ಪಾಸಾಗಿದ್ದಾನೆ, ರ‍್ಯಾಲಿಗೆ ಕರೆ ಬಂದಿದೆ, ಮೆಡಿಕಲ್‌ನಲ್ಲಿ ಅವನಿಗೆ ಕಡ್ಲೆಬೀಜ ಆಗಲ್ಲ ಅಂತ ಹೇಳ್ಬೇಕಾ ಬೇಡ್ವಾ ಅಂತ. ಅದಕ್ಕೆ ಅರಸೀಕೆರೆ ಭಾವ, "ಸುಮ್ನಿರಿ, ಅಲ್ಲೇನು ಕಡ್ಲೆಬೀಜ ತಿನ್ಸಿ ನೋಡ್ತಾರಾ" ಅಂದ್ರು. ಭಾವ, ಹುಡುಗನ ಒಳ್ಳೇದಕ್ಕೇ ಅಂದಿದ್ದೀರಿ, ಗೊತ್ತು. ಆದ್ರೆ ಸೇನೇಲಿ ಹದಿನೇಳು ವರ್ಷ ಸರ್ವೀಸು ಮಾಡಿ, ಅದ್ರಲ್ಲಿ ಎರಡು ವರ್ಷ ಲಂಗರ್ ಕಮಾಂಡರ್, ಅಂದ್ರೆ ಯೂನಿಟ್ ಅಡುಗೆಮನೆ ಉಸ್ತುವಾರಿ ಆಗಿ ನೂರಿಪ್ಪತ್ತು ಜನಕ್ಕೆ ಊಟ ಹಾಕಿಸಿದವನು ನಾನು. ಮುಚ್ಚಿಡೋದು ಬೇಡ.

ಹೋದ ವರ್ಷ ಚನ್ನರಾಯಪಟ್ಟಣದ ಮದುವೇಲಿ ಏನಾಯ್ತು ಅಂತ ನಿಮಗೆ ನೆನಪಿದೆಯಲ್ಲ. ಎಲೆ ಮುಂದೆ ಕೂತು ಚಟ್ನಿ ನೆಕ್ಕಿದ್ದಷ್ಟೇ. ತುಟಿ ಊದ್ತು, ಮೈಯೆಲ್ಲಾ ಗಂದೆ ಎದ್ವು, ವಾಂತಿ ಆಯ್ತು, "ಚಿಕ್ಕಪ್ಪ, ಗಂಟ್ಲು ಕಟ್ತಾ ಇದೆ" ಅಂದ. ಅಜ್ಜಿ ನಂಜು ಅಂದ್ರು, ಕಂಬಳಿ ತಗೊಂಡು ಉಜ್ಜಿ ಅಂದ್ರು. ಅಜ್ಜಿದೇನೂ ತಪ್ಪಿಲ್ಲ, ಅವರ ಕಾಲದಲ್ಲಿ ಎಲ್ಲಾದಕ್ಕೂ ಅದೊಂದೇ ಹೆಸರು. ಆದ್ರೆ ಬದನೆಕಾಯಿ ತಿಂದು ಕಜ್ಜಿ ಕೆರೆಯೋ ನಂಜಲ್ಲ ಇದು. ಹಾಲು ಕುಡಿದ್ರೆ ನನಗೆ ಹೊಟ್ಟೆ ಗುಡುಗುಡು ಅನ್ನುತ್ತಲ್ಲ, ಅದೂ ಅಲ್ಲ. ಅದು ಹಾಲಿನ ಸಕ್ಕರೆ ಅರಗದೇ ಇರೋದು, ಕಷ್ಟ ಕೊಡುತ್ತೆ, ಜೀವ ತೆಗೆಯಲ್ಲ. ಪುಟ್ಟಂದು ಅಲರ್ಜಿ. ಉಸಿರು ಕಟ್ಟಿ, ಬಿಪಿ ಬಿದ್ದು, ನಿಮಿಷಗಳಲ್ಲಿ ಆಳು ಹೋಗಿಬಿಡಬಹುದು. ಅವತ್ತು ಡಾಕ್ಟ್ರು ತೊಡೆಗೆ ಇಂಜೆಕ್ಷನ್ ಕೊಟ್ಟಿದ್ದಕ್ಕೆ ಹುಡುಗ ಉಳಿದ.

ಈಗ ನನ್ನದೇ ಒಂದು ವಿಷ್ಯ ಹೇಳ್ತೀನಿ. ಮನೇಲಿ ಯಾರಿಗೂ ಹೇಳಿಲ್ಲ.

ನಮ್ಮ ಯೂನಿಟ್‌ನಲ್ಲಿ ಒಬ್ಬ ಹುಡುಗ ಇದ್ದ. ಒಳ್ಳೇ ಓಟಗಾರ. ಆಗ ಬಿಪಿಇಟಿ ಅಂತ ಒಂದು ಟೆಸ್ಟ್ ಇತ್ತು, 5 ಕಿ.ಮೀ. ಓಡಿ, ಹಗ್ಗ ಹತ್ತಿ, ಹಳ್ಳ ಹಾರ್ಬೇಕಿತ್ತು. ಒಂದ್ಸಲ ಅದ್ರಲ್ಲಿ ಮೂರನೇ ಕಿಲೋಮೀಟರ್‌ಗೆ ಮೈಯೆಲ್ಲಾ ಗಂದೆ ಎದ್ದು ಬಿದ್ಹೋದ. ಬಿಸಿಲು ಅಂದ್ಕೊಂಡ್ವಿ. ಇನ್ನೊಂದ್ಸಲನೂ ಬಿದ್ದ, ಅವತ್ತು ಮೋಡ ಇತ್ತು. ಕೆಲವ್ರು ನಾಟಕ ಅಂದ್ರು. ಎಂ.ಐ. ರೂಮು ಅಂದ್ರೆ ಯೂನಿಟ್ ದವಾಖಾನೆ, ಅಲ್ಲಿನ ಡಾಕ್ಟ್ರು ಸಾಹೇಬ್ರು ಮಾತ್ರ ನನ್ನ ಕರೆಸಿ, ಆ ಎರಡು ದಿನ ಬೆಳಗ್ಗೆ ಲಂಗರ್‌ನಲ್ಲಿ ಏನು ಮಾಡಿದ್ರಿ ಅಂತ ಕೇಳಿದ್ರು. ಪುಸ್ತಕ ತೆಗೆದು ನೋಡ್ದೆ. ಎರಡೂ ದಿನ ಪೂರಿ. ಎರಡನೇ ಸಲ ಮಂಡಿನೋವಿಗೆ ಅಂತ ನೋವಿನ ಮಾತ್ರೇನೂ ನುಂಗಿದ್ದ. ದೊಡ್ಡ ಆಸ್ಪತ್ರೇಲಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯ್ತು, ಗೋಧಿ ತಿಂದು ಸುಮ್ನೆ ಕೂತ್ರೆ ಅವನಿಗೆ ಏನೂ ಆಗಲ್ಲ, ತಿಂದು ಓಡಿದ್ರೆ ಆಗುತ್ತೆ. ಬ್ರೂಫೆನ್, ಆಸ್ಪಿರಿನ್ ಥರದ ಮಾತ್ರೆ ಜೊತೆಗೆ ಸೇರಿದ್ರೆ ಇನ್ನೂ ಜಾಸ್ತಿ. ಗೋಧಿ ತಿಂದ ಮೇಲೆ ನಾಲ್ಕರಿಂದ ಆರು ಗಂಟೆ ಓಡೋಕೆ ಬಿಡಬೇಡಿ ಅಂದ್ರು. ಯೋಚಿಸಿ ಅತ್ತಿಗೆ, ಪಟ್ಟಣದಲ್ಲಿ ಕೂತು ಕೆಲಸ ಮಾಡೋನಾಗಿದ್ರೆ ಇದು ಜೀವಮಾನವಿಡೀ ಗೊತ್ತಾಗ್ತಾನೇ ಇರ್ಲಿಲ್ಲವೇನೋ. ಫೌಜಿಗೆ ತಿನ್ನೋದೂ ಓಡೋದೂ ಎರಡೂ ಹುಕುಂ. ಪೆಟ್ರೋಲಿಂಗ್‌ಗೆ ಕಟ್ಟಿ ಕೊಡೋದೂ ಪೂರಿ, ಪರಾಠಾನೇ, ಯಾಕಂದ್ರೆ ಅದು ಕೆಡಲ್ಲ.

ಸರಿ, ಗೊತ್ತಾಯ್ತಲ್ಲ, ಆ ಹುಡುಗನಿಗೆ ಪೂರಿ ನಿಲ್ಲಿಸಿದೆ. ನಾಲ್ಕನೇ ದಿನ, ಪಾಪ ಬರೀ ಅನ್ನ ತಿಂತಾ ಇದ್ದಾನೆ ಅಂತ, ನಮ್ಮ ಕಡೆ ಥರ ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ನಾನೇ ಕೈಯಾರೆ ಉಪ್ಪಿಟ್ಟು ಮಾಡಿಕೊಟ್ಟೆ. ತಿಂದು ಪಿಟಿಗೆ ಹೋದ. ಅರ್ಧ ಗಂಟೇಲಿ ಸ್ಟ್ರೆಚರ್ ಮೇಲೆ ವಾಪಸ್ ಬಂದ. ರವೆ ಗೋಧಿಯದ್ದೇ ಅತ್ತಿಗೆ. ಹಾಸನದ ರೈತನ ಮಗ ನಾನು, ನನಗದು ಹೊಳೀಲಿಲ್ಲ. ಚಪಾತಿ, ಪೂರಿ ಅಂದ್ರೆ ಗೋಧಿ ಅಂತ ತಲೇಲಿತ್ತು, ಉಪ್ಪಿಟ್ಟು ಅಂದ್ರೆ ಉಪ್ಪಿಟ್ಟು. ಅವನು ಉಳಿದ. ಡಾಕ್ಟ್ರು ಸಾಹೇಬ್ರು ನನ್ನ ಬೈಯಲೂ ಇಲ್ಲ. ಇವತ್ತಿಗೂ ಮನೇಲಿ ರವೆ ಹುರಿಯೋ ಘಮ ಬಂದ್ರೆ ಆ ಹುಡುಗನ ಮುಖ ಕಣ್ಮುಂದೆ ಬರುತ್ತೆ.

ನಮ್ಮ ಕಾಲದಲ್ಲಿ ರೇಷನ್‌ನಲ್ಲಿ ಅಕ್ಕಿ ಬಿಟ್ರೆ ಗೋಧಿ ಹಿಟ್ಟೇ. 2023ರಲ್ಲಿ, ಅರ್ಧ ಶತಮಾನ ಆದ್ಮೇಲೆ, ಸಿರಿಧಾನ್ಯದ ಹಿಟ್ಟು ವಾಪಸ್ ತಂದ್ರು, ಧಾನ್ಯದ ಪಾಲಲ್ಲಿ 25 ಪರ್ಸೆಂಟ್‌ವರೆಗೆ. ಆ ಸುದ್ದಿ ಓದಿದಾಗ ಅವತ್ತು ರಾಗಿ ಇದ್ದಿದ್ರೆ ಅಂತ ಅನ್ನಿಸ್ತು.

ಈಗ ಪುಟ್ಟನ ಮಾತಿಗೆ ಬರ್ತೀನಿ. ಗೊತ್ತಿದ್ದು, ಅಷ್ಟು ಅಕ್ಕರೆಯಿಂದ ಅಡುಗೆ ಮಾಡಿದ ನಾನೇ ಇಂಥ ತಪ್ಪು ಮಾಡಿದೆ. ಇನ್ನು ಯಾರಿಗೂ ಹೇಳದೇ ಹೋಗೋ ಹುಡುಗನ್ನ ಯಾರು ಕಾಯ್ತಾರೆ? ಒಂದೇ ಕಡಾಯಿ, ಒಂದೇ ಸೌಟು. ಅವಲಕ್ಕಿಗೆ ಕಡ್ಲೆಬೀಜ, ಚಟ್ನಿಗೆ ಕಡ್ಲೆಬೀಜ, ಸಾಯಂಕಾಲ ಚಿಕ್ಕಿ. ಮಾಂಸ ತಿನ್ನದವರಿಗೆ ಬೇರೆ ಪಾತ್ರೆ ಇಡೋದು ಲಂಗರ್‌ಗೆ ಹೊಸದಲ್ಲ, ಬೇರೆ ಇಡೋಕೆ ಅವರಿಗೆ ಬರುತ್ತೆ. ಆದ್ರೆ ಕೇಳಿದ್ರೆ ತಾನೇ ಇಡೋದು.

ಮುಚ್ಚಿಟ್ರೆ ಇನ್ನೊಂದಿದೆ. ಭರ್ತಿ ಫಾರಂನಲ್ಲಿ ಕೇಳಿದ್ದಕ್ಕೆ ಗೊತ್ತಿದ್ದೂ ಸುಳ್ಳು ಉತ್ತರ ಕೊಟ್ರೆ, 1950ರ ಆರ್ಮಿ ಆಕ್ಟ್‌ನ 44ನೇ ಸೆಕ್ಷನ್ ಪ್ರಕಾರ ಕೋರ್ಟ್ ಮಾರ್ಷಲ್, ಐದು ವರ್ಷದವರೆಗೂ ಜೈಲು ಹಾಕಬಹುದು. ಹೆದರಿಸೋಕೆ ಹೇಳ್ತಿಲ್ಲ ಭಾವ. ಆದ್ರೆ ನಮ್ಮ ಹುಡುಗ ಸೇನೆಗೆ ಕಾಲಿಡೋ ದಿನಾನೇ ಸುಳ್ಳಿಗೆ ಸಹಿ ಹಾಕೋದು ನನಗೆ ಬೇಡ.

ಮೊದಲು ಅಲರ್ಜಿ ನೋಡೋ ಡಾಕ್ಟ್ರ ಹತ್ರ ತೋರಿಸೋಣ. ಚರ್ಮದ ಮೇಲೆ ಚುಚ್ಚಿ ನೋಡೋ ಟೆಸ್ಟ್ ಇದೆ, ರಕ್ತದ ಟೆಸ್ಟೂ ಇದೆ. ಚರ್ಮದ ಟೆಸ್ಟ್‌ಗೆ ಮುಂಚೆ ಕೆಲವು ದಿನ ತುರಿಕೆ ಮಾತ್ರೆ ನಿಲ್ಲಿಸಬೇಕಾಗುತ್ತೆ, ಎಷ್ಟು ದಿನ ಅಂತ ಡಾಕ್ಟ್ರೇ ಹೇಳ್ತಾರೆ. ಮನೇಲಿ ಒಂಚೂರು ತಿನ್ಸಿ ನೋಡೋಣ ಅಂತ ಮಾತ್ರ ಯಾರೂ ಹೋಗ್ಬೇಡಿ, ಅಜ್ಜಿಗೂ ಹೇಳಿ. ಆ ಕಾಗದ ತಗೊಂಡು ಮೆಡಿಕಲ್ ಬೋರ್ಡ್ ಮುಂದೆ ನಿಲ್ಲಲಿ, ತೀರ್ಮಾನ ಅವರು ಮಾಡ್ತಾರೆ. ಬೇಡ ಅಂದ್ರೆ? ನೋವಾಗುತ್ತೆ. ದಿನಾ ನಸುಕಲ್ಲಿ ಕೆರೆ ಏರಿ ಮೇಲೆ ಓಡೋದನ್ನ ನಾನೂ ನೋಡಿದ್ದೀನಿ. ಆದ್ರೆ ಮಗ ಮನೇಲಿ ಇರ್ತಾನೆ ಅತ್ತಿಗೆ.

ಪುಟ್ಟ, ಇದು ನಿನಗೆ ಕಣೋ. ತಗೊಂಡ್ರು ಅಂತಾದ್ರೆ ಮೊದಲ ದಿನಾನೇ ಎಂ.ಐ. ರೂಮ್‌ನಲ್ಲಿ ಬರೆಸು, ಲಂಗರ್ ಕಮಾಂಡರ್‌ಗೆ ಹೇಳು, ನಿನ್ನ ಬಡ್ಡಿಗೆ, ಅಂದ್ರೆ ನಿನ್ನ ಜೋಡಿ ಜವಾನನಿಗೆ ಹೇಳು. ಕಡ್ಲೆ ಅಂತ ಹೇಳಬೇಡ, ಕಡಲೆಕಾಳು ಅಂದ್ಕೋತಾರೆ. ಹಿಂದಿಯವರಿಗೆ ಮೂಂಗ್‌ಫಲೀ ಅನ್ನು, ಮರಾಠಿ ಗುಜರಾತಿಯವರಿಗೆ ಶೇಂಗ್‌ದಾಣಾ, ಸಿಂಗ್‌ದಾಣಾ, ತಮಿಳರಿಗೆ ವೇರ್‌ಕಡಲೈ, ತೆಲುಗಿನವರಿಗೆ ಪಲ್ಲೀಲು. ಬಂಗಾಳಿಗಳಂತೂ ಕಡ್ಲೆಬೀಜಕ್ಕೇ ಬಾದಾಮ್ ಅಂತಾರೆ, ಚೀನಾಬಾದಾಮ್. ಬಾದಾಮಿ ತಾನೇ ಅಂತ ಬಾಯಿಗೆ ಹಾಕಿಕೊಂಡೀಯ, ಜೋಕೆ. "ನಹೀ ಖಾತಾ" ಅಂದ್ರೆ ಇಷ್ಟ ಇಲ್ಲ ಅಂದ್ಕೊಂಡು ಒತ್ತಾಯ ಮಾಡ್ತಾರೆ. "ಜಾನ್ ಕಾ ಖತರಾ ಹೈ" ಅನ್ನು, ನಾಚ್ಕೋಬೇಡ. ಹೆಸರು ಹೇಳಿದ್ರೂ ಸಾಲಲ್ಲ, ಅದರ ಮಕ್ಕಳು ಮರೀನೂ ಹೇಳು, ಪುಡಿ, ಚಟ್ನಿ, ಚಿಕ್ಕಿ, ಒಗ್ಗರಣೆ ಎಲ್ಲಾನೂ.

ಪ್ಯಾಕೆಟ್ ತಿಂಡಿ ಸಿಕ್ಕಿದ್ರೆ ಹಿಂಭಾಗ ಓದು. 2020ರ ಲೇಬಲ್ ನಿಯಮದಲ್ಲಿ ಕಡ್ಲೆಬೀಜ, ಗೋಧಿ, ಹಾಲು, ಮೊಟ್ಟೆ, ಸೋಯಾ ಇದ್ರೆ ಬರೀಲೇಬೇಕು.

ಏನಾದ್ರೂ ಆದ್ರೆ ತುರಿಕೆ ಮಾತ್ರೆ ನುಂಗಿ ಕಾಯೋದಲ್ಲ. ಅಡ್ರಿನಲಿನ್ ಇಂಜೆಕ್ಷನ್ ಬೇಕು, ತೊಡೆಯ ಹೊರಭಾಗದ ಮಾಂಸಖಂಡಕ್ಕೆ, ತಡ ಮಾಡದೆ. ಕಡಿಮೆ ಆಗ್ಲಿಲ್ಲ ಅಂದ್ರೆ ಐದರಿಂದ ಹದಿನೈದು ನಿಮಿಷಕ್ಕೆ ಇನ್ನೊಂದು ಕೊಡ್ತಾರೆ. ಕಾಲು ಮೇಲಿಟ್ಟು ಮಲಗಿಸಬೇಕು, ಉಸಿರಾಡೋಕೆ ಕಷ್ಟ ಆದ್ರೆ ಒರಗಿಸಿ ಕೂರಿಸಬೇಕು, ಎಬ್ಬಿಸಿ ನಡೆಸೋದಂತೂ ಬೇಡವೇ ಬೇಡ. ಸರಿಹೋಯ್ತು ಅಂತ ಬ್ಯಾರಕ್‌ಗೆ ವಾಪಸ್ ಓಡ್ಬೇಡ, ಕೆಲವು ಗಂಟೆ ಆದ್ಮೇಲೆ ಮತ್ತೆ ಬರೋದುಂಟು. ಇದಿಷ್ಟೂ ನಿನ್ನ ಬಡ್ಡಿಗೂ ಬಾಯಿಪಾಠ ಆಗಿರ್ಬೇಕು, ಆ ಹೊತ್ತಲ್ಲಿ ನಿನಗೆ ಮಾತು ಹೊರಡಲ್ಲ.

ಅತ್ತಿಗೆ, ಸಂಕ್ರಾಂತಿಗೆ ಎಳ್ಳು ಬೆಲ್ಲ ಕಳಿಸೋವಾಗ ಕಡ್ಲೆಬೀಜ ಹಾಕದೆ, ಡಬ್ಬಿ, ಕೈ ಎಲ್ಲಾ ತೊಳ್ಕೊಂಡು ಬೇರೆ ಮಾಡಿ. ಚಟ್ನಿಪುಡಿ ಅಂಗಡೀದು ಬೇಡ.

ಆ ಮದುವೆ ದಿನ ಕ್ಲಿನಿಕ್‌ನಲ್ಲಿ ಒಂದು ಚೀಟಿ ಕೊಟ್ಟಿದ್ರು, ಇಂಜೆಕ್ಷನ್ ಹೆಸರು ಬರೆದಿದ್ದು. ಅಣ್ಣನ ಬಿಳಿ ಷರಟಿನ ಜೇಬಲ್ಲೋ ದೇವರ ಮನೆ ಡಬ್ಬೀಲೋ ಇರ್ಬೇಕು, ಹುಡುಕಿಡಿ. ಸೋಮವಾರ ಮೊದಲ ಬಸ್ಸಿಗೆ ನಾನು ಹಾಸನಕ್ಕೆ ಬರ್ತೀನಿ, ಪುಟ್ಟ ಬಸ್‌ಸ್ಟ್ಯಾಂಡಿಗೆ ಬರ್ಲಿ, ಇಬ್ರೂ ಹೋಗಿ ಡಾಕ್ಟ್ರನ್ನ ಕಂಡು ಬರ್ತೀವಿ.