ಹಳೆಯ ಎಂಜಿನ್‌ಗೆ ಫ್ಲಶ್ ಹಾಕಿಸಬಹುದೇ?

ಮೂಡಿಗೆರೆ ಬೆಳೆಗಾರ: ನಮ್ಮ ಹಳೆಯ ಮಾರುತಿ 800 ತೋಟದಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಓಡುವುದೇ ಹೆಚ್ಚು. ಆಯಿಲ್ ಮುಚ್ಚಳ ತೆಗೆದರೆ ಒಳಗೆಲ್ಲ ಕಪ್ಪು ಜಿಡ್ಡು ಹೆಪ್ಪುಗಟ್ಟಿದೆ. ಹಳೆಯ ಆಯಿಲಿಗೆ ಫ್ಲಶ್ ಎಂಬ ಶುಚಿ ಮಾಡುವ ದ್ರವ ಹಾಕಿ ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟರೆ ಎಲ್ಲವೂ ಕರಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಹಾಕಿಸಬಹುದೇ?

ಹಾಸನದ ಮೆಕ್ಯಾನಿಕ್: ಎಲ್ಲವೂ ಕರಗುವುದಿಲ್ಲ, ಅಪಾಯವಿರುವುದೇ ಅಲ್ಲಿ. ಅರ್ಧ ಮೆತ್ತಗಾದ ಜಿಡ್ಡು ಚೂರುಚೂರಾಗಿ ಕಳಚಿ ಎಂಜಿನ್ ತಳದ ಆಯಿಲ್ ಚೇಂಬರಿಗೆ ಬಿದ್ದು, ಪಂಪಿಗೆ ಆಯಿಲ್ ಎಳೆಯುವ ಕೊಳವೆಯ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಜಾಲರಿ ಫಿಲ್ಟರಿಗಿಂತ ಮೊದಲೇ ಇರುವುದರಿಂದ ಹೊಸ ಫಿಲ್ಟರ್ ಅದನ್ನು ತಡೆಯಲಾರದು. ಆಯಿಲ್ ಸಾಲದೆ ಬೇರಿಂಗ್ ಹಾಳಾಗುತ್ತದೆ. ಚೇಂಬರ್ ಬಿಚ್ಚಿಸಿ ತೊಳೆಸಿ.

ಬೇಲೂರು ರಸ್ತೆ: "ಆಯಿಲ್ ಸಾಲದೆ" ಎಂದು ಹೆದರಿಸಬೇಡಿ. ನನ್ನ ಕಾರಿಗೆ ಫ್ಲಶ್ ಹಾಕಿಸಿದ ಮೇಲೆ ಆಯಿಲ್ ಲೈಟ್ ಒಮ್ಮೆಯೂ ಹೊತ್ತಿಲ್ಲ.

ಹಾಸನದ ಮೆಕ್ಯಾನಿಕ್: ಆ ಲೈಟ್ ಆಯಿಲ್ ಒತ್ತಡವನ್ನು ಅಳೆಯುವುದಿಲ್ಲ. ಸಾಮಾನ್ಯವಾಗಿ ಒತ್ತಡ ಅರ್ಧ ಬಾರ್‌ಗಿಂತ ಕೆಳಗಿಳಿದಾಗ ಮಾತ್ರ ಹೊತ್ತುತ್ತದೆ. ಚಾರ್ಮಾಡಿ ಘಾಟಿ ಹತ್ತುವ ಎಂಜಿನ್‌ಗೆ ಅದರ ಹಲವು ಪಟ್ಟು ಬೇಕು. ಒತ್ತಡ ಅಳೆಯುವ ಗೇಜ್ ಹಾಕಿ ನೋಡಿದ್ದೀರಾ?

ಬೇಲೂರು ರಸ್ತೆ: ಹಾಗಾದರೆ ಕಾರು ತಯಾರಿಸುವವರೆಲ್ಲ ಸುಮ್ಮನೆ ಲೈಟ್ ಕೊಟ್ಟಿದ್ದಾರೆಯೇ? ಲೈಟ್ ಹೊತ್ತಿದರೆ ಗಾಡಿ ನಿಲ್ಲಿಸಿ ಎಂದು ಅವರ ಕೈಪಿಡಿಯೇ ಹೇಳುತ್ತದೆ.

ಸಕಲೇಶಪುರದವನು: ಹೊತ್ತಿದರೆ ನಿಲ್ಲಿಸಿ ಎಂದರೆ, ಹೊತ್ತದಿದ್ದರೆ ಎಲ್ಲವೂ ಸರಿಯಿದೆ ಎಂದಾಗುವುದಿಲ್ಲ. ಫ್ಲಶ್‌ನಲ್ಲಿ ದ್ರಾವಕವಿರುತ್ತದೆ, ಅದು ಆಯಿಲನ್ನು ತೆಳುವಾಗಿಸುವುದರಿಂದಲೇ ಹಾಕಿದ ಮೇಲೆ ಗಾಡಿ ಓಡಿಸಬೇಡಿ ಎಂದು ಡಬ್ಬದ ಮೇಲೆ ಬರೆದಿರುತ್ತಾರೆ.

ಬೇಲೂರು ರಸ್ತೆ: ನಾನು ಓಡಿಸಲೇ ಇಲ್ಲ, ನಿಲ್ಲಿಸಿಯೇ ಚಾಲೂ ಇಟ್ಟಿದ್ದೆ. ಅಮೆರಿಕದಲ್ಲಿ 1997ರಿಂದ 2002ರವರೆಗಿನ ಟೊಯೋಟಾದ ಕೆಲವು ಎಂಜಿನ್‌ಗಳಲ್ಲೂ ಜಿಡ್ಡು ಕಟ್ಟಿತ್ತು. ಅಂತಹ ಕಂಪನಿಗೇ ತಪ್ಪದ ತೊಂದರೆಗೆ ಶುಚಿ ಮಾಡುವುದು ತಪ್ಪೇ?

ಹಾಸನದ ಮೆಕ್ಯಾನಿಕ್: ಆ ಕಂಪನಿ ಅಲ್ಲಿ ವಹಿಸಿಕೊಂಡದ್ದು ಹಾಳಾದ ಎಂಜಿನ್‌ಗಳ ರಿಪೇರಿಯ ಖರ್ಚನ್ನು. ಶುಚಿ ಮಾಡಬೇಡಿ ಎಂದು ನಾನೂ ಹೇಳಿಲ್ಲ, ಬಿಚ್ಚಿ ಮಾಡಿ ಎಂದೆ. ಗೇಜ್ ಹಾಕಿದಿರೋ ಇಲ್ಲವೋ, ಅದನ್ನು ಮೊದಲು ಹೇಳಿ.

ಮೂಡಿಗೆರೆ ಬೆಳೆಗಾರ: ದಯವಿಟ್ಟು ನನ್ನ ಗಾಡಿಯ ಮಾತಿಗೆ ಬನ್ನಿ. ಚೇಂಬರ್ ತೊಳೆಸಿದ ಮೇಲೂ ಮೇಲ್ಭಾಗದಲ್ಲಿ ಜಿಡ್ಡು ಉಳಿಯುವುದಿಲ್ಲವೇ?

ಸಕಲೇಶಪುರದವನು: ಎಂಜಿನ್ ಮೇಲಿನ ಮುಚ್ಚಳ, ಅಂದರೆ ವಾಲ್ವ್ ಕವರ್ ಬಿಚ್ಚಿಸಿ ಕೈಯಿಂದ ತೆಗೆಸಿ; ಉಳಿದದ್ದಕ್ಕೆ ಒಳ್ಳೆಯ ಆಯಿಲ್ ಹಾಕಿ, ಅದನ್ನೂ ಫಿಲ್ಟರನ್ನೂ ಬೇಗ ಬೇಗ ಬದಲಿಸಿ. ತಿಂಗಳಿಗೊಮ್ಮೆಯಾದರೂ ಹಾಸನದವರೆಗೆ ಓಡಿಸಿ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಇಂಧನ ಉರಿದಾಗ ಹುಟ್ಟುವ ತೇವ ಆಯಿಲ್‌ನಲ್ಲೇ ಉಳಿಯುತ್ತದೆ.

ಬೇಲೂರು ರಸ್ತೆ: ಇಷ್ಟೆಲ್ಲ ಬಿಚ್ಚಿಸುವ ಕೂಲಿಯಲ್ಲಿ ನಾಲ್ಕು ಸಲ ಫ್ಲಶ್ ಮಾಡಿಸಬಹುದು. ನನ್ನ ಲೈಟ್ ಇವತ್ತಿಗೂ ಹೊತ್ತಿಲ್ಲ.

ಹಾಸನದ ಮೆಕ್ಯಾನಿಕ್: ಗೇಜ್?