ಕೂತ್ಕೊಂಡು ಸ್ಟಿಯರಿಂಗ್ ತಿರುಗಿಸುವ ಕೆಲಸ

ನಮ್ಮ ಮನೆ ಗುಂಪಿಗೆ ಆ ಫೋಟೋ ಹಾಕಿದವರು ದೊಡ್ಡಪ್ಪ. ಫಾರ್ಮುಲಾ ಒನ್ ಡ್ರೈವರ್ ಕಿಮಿ ರೈಕೊನೆನ್ ಚಡ್ಡಿಯಲ್ಲಿ ನಿಂತು ಐಸ್ ಕ್ರೀಂ ತಿನ್ನುತ್ತಿದ್ದಾನೆ. ಕೆಳಗೆ ಬರಹ: "ಎರಡು ಗಂಟೆ ಕೂತು ಸ್ಟಿಯರಿಂಗ್ ತಿರುಗಿಸಿದರೆ ಕೋಟಿ ಕೋಟಿ. ಬಿಸಿಲಲ್ಲಿ ದುಡಿಯುವ ರೈತನಿಗೆ ಏನಿದೆ? ಹತ್ತು ಜನಕ್ಕೆ ಕಳಿಸಿ."

ಗೀತಾ ಅತ್ತೆ: ನಿಜವಾದ ಮಾತು.

ದೊಡ್ಡಪ್ಪ: ನಮ್ಮ ಹುಡುಗರು ಇಂಥವರನ್ನು ನೋಡಿಯೇ ಕೆಡುತ್ತಿರುವುದು. ಬೆವರು ಸುರಿಸದೆ ಬಂದ ದುಡ್ಡು ಕೈಯಲ್ಲಿ ನಿಲ್ಲುವುದಿಲ್ಲ.

ಸುಧಕ್ಕ: ದೊಡ್ಡಪ್ಪ, ಇದು ಯಾವ ವರ್ಷದ ಫೋಟೋ? ಬರೆದವರು ಯಾರು? ಎಲ್ಲಿ ಬಂದಿದೆ ಹೇಳಿ.

ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಆಧಾರ ಬೇಕು. ಕಷಾಯದ ಮೆಸೇಜ್ ಹಾಕಿದಾಗಲೂ ಹೀಗೇ ಮಾಡಿದ್ದೆ.

ಸುಧಕ್ಕ: ಅದರಲ್ಲಿ ಇನ್ಸುಲಿನ್ ಬಿಟ್ಟುಬಿಡಿ ಅಂತ ಇತ್ತು. ಕೇಳದೆ ಇರಲಾಗುತ್ತದಾ?

ನಾನು ರೇಸ್ ತಪ್ಪದೆ ನೋಡುವವನು. ಸುಮ್ನೆ ಇರಲು ಆಗಲಿಲ್ಲ. ಉದ್ದಕ್ಕೆ ಬರೆದೆ:

"ದೊಡ್ಡಪ್ಪ, ಅದು 2009ರ ಮಲೇಷ್ಯಾ ರೇಸ್. ಸೆಪಾಂಗ್‌ನಲ್ಲಿ ಸಂಜೆ ಮಳೆ ಸುರಿದು ರೇಸ್ ಅರ್ಧಕ್ಕೇ ನಿಂತಿತು. ಮತ್ತೆ ಶುರುವಾಗಲೇ ಇಲ್ಲ, ಪಾಯಿಂಟ್ ಕೂಡ ಅರ್ಧ ಕೊಟ್ಟರು. ರೈಕೊನೆನ್ ಬಟ್ಟೆ ಬದಲಿಸಿ ಐಸ್ ಕ್ರೀಂ ತೆಗೆದುಕೊಂಡಿದ್ದು ಆ ಬಿಡುವಿನಲ್ಲಿ. ಕೆಲಸ ನೋಡಬೇಕಾದರೆ 2023ರ ಕತಾರ್ ರೇಸ್ ನೋಡಿ. ರಾತ್ರಿ ರೇಸ್, ಆದರೂ ಸೆಕೆ ತಡೆಯಲಾಗದಷ್ಟು. ಎಸ್ಟೆಬಾನ್ ಒಕಾನ್ 15ನೇ ಸುತ್ತಿನ ಹೊತ್ತಿಗೇ ಹೆಲ್ಮೆಟ್ ಒಳಗೆ ವಾಂತಿ ಮಾಡಿಕೊಂಡ. ಅದೇ ಹೆಲ್ಮೆಟ್‌ನಲ್ಲಿ 57 ಸುತ್ತೂ ಮುಗಿಸಿ 7ನೆಯವನಾಗಿ ಬಂದ. ಲೋಗನ್ ಸಾರ್ಜೆಂಟ್ ನಿತ್ರಾಣವಾಗಿ ಮಧ್ಯದಲ್ಲೇ ಕಾರು ನಿಲ್ಲಿಸಿದ. ಆಮೇಲೆ ಈ ರೇಸ್‌ಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಐಎ ನಿಯಮ ತಂದಿತು. ಈಗ ಸೆಕೆ ಜಾಸ್ತಿ ಇರುವ ರೇಸ್‌ಗಳಿಗೆ ಸಣ್ಣ ಪೈಪುಗಳಲ್ಲಿ ತಣ್ಣನೆಯ ದ್ರವ ಹರಿಯುವ ಬನಿಯನ್ ಇದೆ."

ದೊಡ್ಡಪ್ಪ: ವಾಂತಿ ಬಂದರೆ ಅದು ಕೆಲಸವಾಯಿತಾ? ಹೋಗು ಅಂದವರು ಯಾರು?

ರಘು ಮಾವ: ರೇಸ್ ಅಂದರೆ ನಮ್ಮ ಕಾಲದ ಶೋಲವರಂ! ಬೆಂಗಳೂರಿಂದ ರಾತ್ರಿ ರೈಲು ಹತ್ತಿ ಮದ್ರಾಸಿಗೆ ಹೋಗುತ್ತಿದ್ದೆವು. ಯುದ್ಧದ ಕಾಲದ ಹಳೇ ಏರ್‌ಸ್ಟ್ರಿಪ್, ಅದರ ಮೇಲೇ ರೇಸ್. ವಿಜಯ್ ಮಲ್ಯ ಎನ್‌ಸೈನ್ ಅನ್ನುವ ಫಾರ್ಮುಲಾ ಒನ್ ಕಾರು ಓಡಿಸುತ್ತಿದ್ದರು. ಆ ಸದ್ದು ಎರಡು ದಿನ ಕಿವಿಯಲ್ಲೇ ಇರುತ್ತಿತ್ತು.

ಚಿಕ್ಕಪ್ಪ: ಆ ಟ್ರಿಪ್ಪಿಗೆ ನನ್ನ ಹತ್ತಿರ ತೆಗೆದುಕೊಂಡ ಇನ್ನೂರು ರೂಪಾಯಿ ಇನ್ನೂ ಬಂದಿಲ್ಲ ಭಾವ.

ರಘು ಮಾವ: ನಿನ್ನ ಊಟ, ತಿಂಡಿ, ಟಿಕೆಟ್ ಎಲ್ಲಾ ನನ್ನದೇ ಆಗಿತ್ತು.

ಇದೇ ಇಪ್ಪತ್ತು ಮೆಸೇಜ್ ನಡೆಯಿತು. ನಾನು ಬಿಡಲಿಲ್ಲ. ಜನ ಕಾರು ನೋಡುತ್ತಾರೆ, ಒಳಗಿರುವ ಕುತ್ತಿಗೆಯನ್ನು ಯಾರೂ ನೋಡುವುದಿಲ್ಲ. ತಲೆ, ಹೆಲ್ಮೆಟ್ ಸೇರಿದರೆ ಆರೇಳು ಕೆಜಿ. ವೇಗದ ತಿರುವಿನಲ್ಲಿ ಅದರ ಭಾರ ಐದು ಪಟ್ಟಾಗುತ್ತದೆ. ಅಂದರೆ ಮೂವತ್ತು ಕೆಜಿ ಮೇಲೆ ಪಕ್ಕಕ್ಕೆ ಎಳೆಯುತ್ತಿರುತ್ತದೆ. ಪ್ರತಿ ತಿರುವಿಗೂ, ಪ್ರತಿ ಸುತ್ತಿಗೂ. ಬ್ರೇಕ್ ಪೆಡಲ್ ಮೇಲೆ ನೂರು ಕೆಜಿ ಭಾರ ಹಾಕಿದ ಹಾಗೆ ಒದೆಯಬೇಕು. ಅದಕ್ಕಾಗಿಯೇ ಇವರು ತಲೆಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಕುತ್ತಿಗೆಯ ವ್ಯಾಯಾಮ ಮಾಡುತ್ತಾರೆ. ಇಷ್ಟನ್ನೂ ಗುಂಪಿಗೆ ಹಾಕಿದೆ.

ಸುಧಕ್ಕ: ಆರು ಐದಲ ಮೂವತ್ತು. ಲೆಕ್ಕ ಸರಿ ಇದೆ.

ಸುಧಕ್ಕನಿಂದ ಇಷ್ಟು ಬಂದರೆ ದೊಡ್ಡದು. ಆ ಹುರುಪಿನಲ್ಲಿ ತೂಕದ ವಿಷಯವನ್ನೂ ಹೇಳಿದೆ. ಕಾರು ಹಗುರವಾಗಿರಲಿ ಅಂತ 2014ರಲ್ಲಿ ಏಡ್ರಿಯನ್ ಸುಟಿಲ್ ಕುಡಿಯುವ ನೀರಿನ ಬಾಟಲಿಯನ್ನೂ ಇಟ್ಟುಕೊಳ್ಳದೆ ರೇಸ್ ಓಡಿಸಿದ. ಅವನು ಎತ್ತರದ ಆಳು, ಎಷ್ಟು ಹಸಿದಿದ್ದರೂ ಮೂಳೆ ಕರಗುವುದಿಲ್ಲ ಅಲ್ವಾ. 2019ರಲ್ಲಿ ಡ್ರೈವರ್ ಮತ್ತು ಸೀಟು ಸೇರಿ 80 ಕೆಜಿಗೆ ಕಡಿಮೆ ಇರಬಾರದು ಅಂತ ನಿಯಮ ಬಂದ ಮೇಲೆ, ಅದಕ್ಕಿಂತ ತೆಳ್ಳಗಾಗಿ ಲಾಭವಿಲ್ಲ ಅಂತಾಗಿ, ಇವರು ಹೊಟ್ಟೆ ತುಂಬ ಊಟ ಮಾಡುವ ಹಾಗಾಯಿತು. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಎಫ್2 (ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನದು) ಸ್ಪ್ರಿಂಟ್, ಅಂದರೆ ಚಿಕ್ಕ ರೇಸ್ ಗೆದ್ದಿದ್ದನ್ನೂ ಸೇರಿಸಿದೆ.

ಚಿಕ್ಕಮ್ಮ: ಮೈನಿ ಅಂದರೆ ರೇವಾ ಕಾರಿನವರಾ? ಉಳ್ಳವರ ಮಕ್ಕಳ ಆಟ ಬಿಡಪ್ಪ.

ಈ ಮಾತಲ್ಲಿ ಸತ್ಯ ಇದೆ. ದುಡ್ಡಿಲ್ಲದಿದ್ದರೆ ಈ ಆಟದಲ್ಲಿ ಕಾರ್ಟಿಂಗ್, ಅಂದರೆ ಮಕ್ಕಳು ಮೊದಲು ಕಲಿಯುವ ಪುಟ್ಟ ಕಾರಿನ ರೇಸ್ ಕೂಡ ಶುರು ಮಾಡಲಾಗುವುದಿಲ್ಲ. ಹಾಗಂತಲೇ ಬರೆದೆ. ಆದರೆ ತಿರುವಿನಲ್ಲಿ ಕುತ್ತಿಗೆಯನ್ನು ಅಪ್ಪನ ದುಡ್ಡು ಹಿಡಿದುಕೊಳ್ಳುವುದಿಲ್ಲ ಚಿಕ್ಕಮ್ಮ, ಅಂತಲೂ ಬರೆದೆ.

ದೊಡ್ಡಪ್ಪ: ಏನೇ ಹೇಳು, ಕೂತು ಮಾಡುವ ಕೆಲಸ ಕೂತು ಮಾಡುವ ಕೆಲಸವೇ.

ಆಗ ಮಂಜಣ್ಣ ಬಂದ. ಗುಂಪಲ್ಲಿ ಹುಟ್ಟುಹಬ್ಬಕ್ಕೆ ಬಿಟ್ಟು ಅವನು ಬರೆಯುವುದೇ ಇಲ್ಲ.

ಮಂಜಣ್ಣ: ದೊಡ್ಡಪ್ಪ, ಉಜಿರೆ ಮದುವೆಗೆ ರಾತ್ರಿಯೆಲ್ಲ ಗಾಡಿ ಓಡಿಸಿದ್ದು ನಾನು. ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು ಮುಸುಕಿ ಬಾನೆಟ್ ತುದಿ ಕಾಣುತ್ತಿರಲಿಲ್ಲ. ಗ್ಲಾಸ್ ಇಳಿಸಿ, ತಲೆ ಹೊರಗೆ ಹಾಕಿ, ಬಿಳಿ ಗೆರೆ ನೋಡಿಕೊಂಡು ಚಾರ್ಮಾಡಿ ಇಳಿಸಿದೆ. ಹಿಂದೆ ಹನ್ನೊಂದು ಜನ ಗೊರಕೆ ಹೊಡೆಯುತ್ತಿದ್ದಿರಿ. ಛತ್ರದಲ್ಲಿ ಇಳಿದ ತಕ್ಷಣ ನೀವು ಹೇಳಿದ್ದು, "ಮಂಜ ಹೇಗೂ ಕೂತ್ಕೊಂಡೇ ಬಂದಿದ್ದಾನೆ, ಪಾತ್ರೆ ಇಳಿಸಲು ಅವನನ್ನೇ ಕರೆಯಿರಿ."

ದೊಡ್ಡಪ್ಪ: ಯಾವ ಕಾಲದ ಮಾತು ಅದು? ಮನಸ್ಸಲ್ಲಿ ಇಟ್ಟುಕೊಂಡಿದ್ದೀಯಾ?

ಗೀತಾ ಅತ್ತೆ: ಅವನು ಹೇಳಿದ್ದು ನಿಜ. ಊಟಕ್ಕೆ ಕೂತಿದ್ದು ಕೊನೇ ಪಂಕ್ತಿಗೆ. ಪಾಯಸ ಮುಗಿದಿತ್ತು, ನಾನೇ ಬಡಿಸಿದ್ದು.

ದೊಡ್ಡಪ್ಪ: ಪೂಜೆಗೆ ಹೊತ್ತಾಯಿತು. ಆಮೇಲೆ ಬರುತ್ತೇನೆ.

ನನಗೆ ಹೊಟ್ಟೆಯಲ್ಲಿ ಕಸಿವಿಸಿ. ಆ ಹನ್ನೊಂದು ಜನರಲ್ಲಿ ನಾನೂ ಇದ್ದೆ. ಕತಾರ್‌ನ ಒಕಾನ್ ಪರವಾಗಿ ಅಷ್ಟು ಬರೆದೆ, ಮಂಜಣ್ಣನ ಪರವಾಗಿ ಅವತ್ತು ಯಾರೂ ಒಂದು ಮಾತು ಆಡಿರಲಿಲ್ಲ.

ಸುಧಕ್ಕ: ಮುಂದಿನ ತಿಂಗಳು ಸುಬ್ರಹ್ಮಣ್ಯಕ್ಕೆ ಹೋಗುವುದಿದೆ. ಮಂಜಾ, ನೀನು ಓಡಿಸುತ್ತೀಯಾ?

ಮಂಜಣ್ಣ: ಇಲ್ಲ ಅಕ್ಕ. ಟಿಟಿ ಬುಕ್ ಮಾಡಿ. ಇಬ್ಬರು ಡ್ರೈವರ್ ಇರಲಿ, ಮಲಗಲು ಅವರಿಗೆ ರೂಮ್ ಕೊಡಿ. ಊಟಕ್ಕೆ ನಮ್ಮ ಜೊತೆಗೇ ಕೂರಿಸಿ.

ದೊಡ್ಡಪ್ಪ: ಇಬ್ಬರು ಅಂದರೆ ಎರಡು ಬಾಟಾ ಆಗುತ್ತದೆ.

ಸುಧಕ್ಕ: ಕೊಡೋಣ ದೊಡ್ಡಪ್ಪ.

ಚಿಕ್ಕಪ್ಪ: ರಘು ಭಾವನ ಶೋಲವರಂ ಬಾಕಿ ಇನ್ನೂರನ್ನೂ ಅದಕ್ಕೇ ಹಾಕಿ.